ಬೀಗಕ್ಕೂ ಮೊದಲು ಬಾಗಿಲು

ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ತೇರಿನ ದಿನ ಅರಸೀಕೆರೆ ಸುತ್ತಿನ ಯಾವುದಾದರೂ ಹಳ್ಳಿಯ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಮನೆಮಂದಿ ವೆಂಕಟರಮಣನ ಬೆಟ್ಟದ ಹಾದಿ ಹಿಡಿದಿರುತ್ತಾರೆ. ಯಾವ ಮನೆಯಲ್ಲಿ ಜನರಿದ್ದಾರೆ, ಯಾವ ಮನೆ ಖಾಲಿ ಎಂದು ತಿಳಿಯಲು ನೀವು ಯಾರನ್ನೂ ಕೇಳಬೇಕಾಗಿಲ್ಲ. ಒಂದು ಹೊಸ್ತಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದೆ. ಪಕ್ಕದ ಹೊಸ್ತಿಲ ಮುಂದೆ ನಿನ್ನೆಯ ರಂಗೋಲಿ ಅರ್ಧ ಅಳಿಸಿದೆ, ಚಿಲಕದಲ್ಲಿ ದೊಡ್ಡದೊಂದು ಹಿತ್ತಾಳೆ ಬೀಗ ತೂಗುತ್ತಿದೆ. ಮನೆಯವರು ಬೀಗವನ್ನು ಎರಡೆರಡು ಸಲ ಜಗ್ಗಿ ನೋಡಿ, ನೆಮ್ಮದಿಯಿಂದ ಹೋಗಿದ್ದಾರೆ. ಆದರೆ ಆ ಬೀಗ ಮನೆ ಕಾಯುತ್ತಲೇ ‘ಒಳಗೆ ಯಾರೂ ಇಲ್ಲ’ ಎಂದು ಬೀದಿಗೆಲ್ಲ ಹೇಳುತ್ತಲೂ ಇದೆ.

ನಾನು ಹುಡುಗರಿಗೆ ಮರಗೆಲಸ ಕಲಿಸಿಕೊಂಡು ಬಂದವನು. ಬಾಗಿಲು ಎಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಹೊಸಮನೆ ಕಟ್ಟಿಸುವವರು, ಊರಿಗೆ ಮರಳಿ ಬಂದವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಮೇಷ್ಟ್ರೇ, ಒಳ್ಳೆಯ ಬೀಗ ಯಾವುದು ಹೇಳಿ.” ನಾನು ಹೇಳುವ ಉತ್ತರವೂ ಒಂದೇ: “ಮೊದಲು ನಿಮ್ಮ ಬಾಗಿಲು ತೋರಿಸಿ.” ಹಾಗೇಕೆ ಹೇಳುತ್ತೇನೆ ಎಂಬುದನ್ನು ನಿಮಗೆ ನಿಧಾನವಾಗಿ ವಿವರಿಸುತ್ತೇನೆ. ಇದಕ್ಕೆ ನಿಮಗೆ ಮರಗೆಲಸವಾಗಲಿ ಬೀಗದ ಒಳಗುಟ್ಟಾಗಲಿ ತಿಳಿದಿರಬೇಕಾಗಿಲ್ಲ.

ನಮ್ಮ ಭಾಷೆಯಲ್ಲೇ ಮೊದಲ ಪಾಠವಿದೆ. ಮನೆಗಳ್ಳತನಕ್ಕೆ ಪೊಲೀಸರು ಇಂದಿಗೂ ‘ಕನ್ನ ಕಳವು’ ಎನ್ನುತ್ತಾರೆ. ಕನ್ನ ಎಂದರೆ ಗೋಡೆಯಲ್ಲಿ ಕೊರೆದ ಕಂಡಿ. ಮಣ್ಣಿನ ಗೋಡೆಗಳ ಕಾಲದಲ್ಲಿ ಮುಂಬಾಗಿಲಿಗೆ ಹಲಸಿನ ಮರದ ದಪ್ಪ ಕದ, ಒಳಗೆ ಅಡ್ಡ ಅಗುಳಿ ಇರುತ್ತಿದ್ದವು. ಅಗುಳಿ ಎಂದರೆ ಕದದ ಹಿಂದೆ ಅಡ್ಡಲಾಗಿ ಜಾರಿಸುವ ಮರದ ದಿಮ್ಮಿ. ಅಂಥ ಬಾಗಿಲಿನ ತಂಟೆಗೆ ಹೋಗದೆ ಕಳ್ಳ ಹಿಂಬದಿಯ ಗೋಡೆಯನ್ನು ನೆನೆಸಿ ಕೊರೆಯುತ್ತಿದ್ದ. ಗೋಡೆ ಇಟ್ಟಿಗೆ ಸಿಮೆಂಟಿನದಾದ ಮೇಲೆ ಪತ್ರಿಕೆಗಳಲ್ಲಿ ಬೇರೆ ಎರಡು ಮಾತು ಬಂದವು: ‘ಬಾಗಿಲು ಮೀಟಿ’, ‘ಬೀಗ ಮುರಿದು’. ಮೀಟುವುದೆಂದರೆ ಸಂದಿಗೆ ಹಾರೆಯ ತುದಿ ತೂರಿಸಿ ಎಬ್ಬುವುದು. ಈ ಮೂರು ಮಾತುಗಳನ್ನೂ ಗಮನಿಸಿ. ಕೊರೆದ, ಮೀಟಿದ, ಮುರಿದ. ಬೀಗವನ್ನು ಜಾಣತನದಿಂದ ‘ತೆರೆದ’ ಎಂಬ ಮಾತು ಅಪರೂಪ.

ಕಾನೂನು ಕೂಡ ಇದನ್ನೇ ಕಂಡುಕೊಂಡಿದೆ. 1860ರ ಭಾರತೀಯ ದಂಡ ಸಂಹಿತೆಯು ಮನೆಯೊಡೆಯುವುದಕ್ಕೆ ಆರು ವಿಧಗಳನ್ನು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಆರು ಇವೆ. ಬೀಗ ತೆರೆಯುವುದು ಅವುಗಳಲ್ಲಿ ನಾಲ್ಕನೆಯದು. ಅದಕ್ಕಿಂತ ಮೊದಲು ತಾನೇ ಮಾಡಿಕೊಂಡ ದಾರಿ ಬರುತ್ತದೆ, ಮನುಷ್ಯರು ಓಡಾಡಲೆಂದು ಮಾಡದ ದಾರಿ ಬರುತ್ತದೆ, ಗೋಡೆ ಹತ್ತುವುದು ಬರುತ್ತದೆ. ಅಲ್ಲಿ ಕೊಟ್ಟಿರುವ ಮೊದಲ ಉದಾಹರಣೆ ಯಾವುದು ಗೊತ್ತೆ? ಗೋಡೆಗೆ ತೂತು ಕೊರೆದು ಕೈ ತೂರಿಸಿದವನದು. ನಮ್ಮ ಕನ್ನವೇ!

ಹಾಗಾದರೆ ಬೀಗವನ್ನು ಕೀಲಿಯಿಲ್ಲದೆ ತೆರೆಯಲು ಆಗುವುದೇ ಇಲ್ಲವೆ ಎಂದು ನೀವು ಕೇಳಬಹುದು. ಆಗುತ್ತದೆ. ಲಂಡನ್ನಿನ ಬ್ರಾಮಾ ಎಂಬ ಬೀಗದ ಕಂಪನಿ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟು, ಇದನ್ನು ತೆರೆದವರಿಗೆ 200 ಗಿನಿ ಬಹುಮಾನವೆಂದು ಸಾರಿತ್ತು. ಹಲವು ದಶಕ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಹಾಬ್ಸ್ ಎಂಬ ಅಮೆರಿಕದ ಬೀಗತಜ್ಞ ಅದನ್ನು ತೆರೆದ. ಆದರೆ ಅದಕ್ಕೆ ಅವನು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ ಮಾಡಬೇಕಾಯಿತು, ತನ್ನದೇ ಉಪಕರಣಗಳನ್ನು ಹೂಡಿಕೊಂಡು, ಯಾರ ಭಯವೂ ಇಲ್ಲದೆ. ನಿಮ್ಮ ಬಾಗಿಲ ಮುಂದೆ ನಿಂತವನಿಗೆ ಅಷ್ಟು ಸಮಯವಿರುವುದಿಲ್ಲ, ಅಂಥ ನೆಮ್ಮದಿಯಂತೂ ಇರುವುದೇ ಇಲ್ಲ. ಸದ್ದಾಗದೆ ಬೇಗ ಕೈಕೊಡುವ ಜಾಗ ಎಲ್ಲಿದೆ ಎಂದಷ್ಟೇ ಅವನು ಹುಡುಕುತ್ತಾನೆ. ಅವನಿಗಿಂತ ಮೊದಲು ಆ ಜಾಗವನ್ನು ನೀವು ಹುಡುಕಬೇಕು.

ಈಗ ನಿಮ್ಮ ಮುಂಬಾಗಿಲ ಬಳಿ ಬನ್ನಿ. ಬಾಗಿಲೆಂದರೆ ಒಂದೇ ವಸ್ತುವಲ್ಲ. ಗೋಡೆಗೆ ಕೂರಿಸಿದ ಚೌಕಟ್ಟು ಬಾಗಿಲುವಾಡ. ತೆರೆದು ಮುಚ್ಚುವ ಹಲಗೆ ಕದ. ಎರಡನ್ನೂ ಕೂಡಿಸುವುದು ಬಿಜಾಗರಿ. ಕೊನೆಗೆ ಬರುವುದು ಚಿಲಕ ಮತ್ತು ಬೀಗ. ಒಂದು ಒದೆತ ಬಿದ್ದರೆ ಅದರ ಪೆಟ್ಟು ಈ ಎಲ್ಲದರ ಮೂಲಕವೂ ಹಾಯುತ್ತದೆ, ತೀರ ಬಡಕಲಾಗಿರುವ ಕಡೆ ಒಡೆಯುತ್ತದೆ.

ಬಾಗಿಲುವಾಡದಿಂದ ಶುರುಮಾಡೋಣ. ಇದನ್ನು ಗೋಡೆಗೆ ಹಿಡಿದಿಡುವುದು ಹೋಲ್ಡ್‌ಫಾಸ್ಟ್ ಎಂಬ ಕಬ್ಬಿಣದ ಪಟ್ಟಿ. ಅದರ ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಕಾಂಕ್ರೀಟಿಗೆ ಹೂತಿರುತ್ತದೆ. ಗೋಡೆಯಾದ ಮೇಲೆ ಇದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮನೆ ಕಟ್ಟಿಸುತ್ತಿರುವವರು ಗಾರೆ ಮೆತ್ತುವ ಮುನ್ನವೇ ಪ್ರತಿ ಪಕ್ಕಕ್ಕೆ ಮೂರು ಪಟ್ಟಿ ಹಾಕಿಸಿ, ನಿಂತು ನೋಡಿಕೊಳ್ಳಿ. ಹಳೆಯ ಮನೆಯಾದರೆ ಬಾಗಿಲು ಹಾಕಿ ಚಿಲಕದ ಬಳಿ ಅಂಗೈಯಿಂದ ಗಟ್ಟಿಯಾಗಿ ತಳ್ಳಿ. ಕದದ ಜೊತೆ ಬಾಗಿಲುವಾಡವೂ ಅಲುಗಿ ಅಂಚಿನ ಗಾರೆ ಉದುರಿದರೆ, ನಿಮಗೆ ಬೀಗಕ್ಕಿಂತ ಮೊದಲು ಗಾರೆಯವರು ಬೇಕು.

ಕದವನ್ನು ಬೆರಳ ಗಿಣ್ಣಿನಿಂದ ತಟ್ಟಿ. ಗಟ್ಟಿ ಮರ ‘ಟಕ್’ ಎನ್ನುತ್ತದೆ. ಒಳಗೆ ಪೊಳ್ಳಿದ್ದರೆ ‘ಡಬ್’ ಎನ್ನುತ್ತದೆ. ಅಂಗಡಿಯಲ್ಲಿ ಫ್ಲಶ್ ಡೋರ್ ಎಂದು ಸಿಗುವ ಕದಗಳಲ್ಲಿ ಎರಡು ತೆಳು ಹಾಳೆಗಳ ನಡುವೆ ಇಡಿಯಾಗಿ ಮರದ ತುಂಡುಗಳಿರುವುದೂ ಉಂಟು, ಅಲ್ಲಲ್ಲಿ ಮಾತ್ರ ಪಟ್ಟಿ ಇರುವುದೂ ಉಂಟು. ಪೊಳ್ಳು ಕದ ಒಳಕೋಣೆಗೆ ಸಾಕು, ಹೊರಬಾಗಿಲಿಗೆ ಬೇಡ. ಹೊರಬಾಗಿಲಿನ ಕದ 35 ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಏಕೆಂದರೆ ಬೀಗ ಕೂರಿಸಲು ಅದರ ಅಂಚನ್ನು ಕೊರೆಯಬೇಕು. ಕೊರೆದ ಮೇಲೆ ಎರಡೂ ಬದಿ ಉಳಿಯುವ ಮರ ಬೆರಳಗಲವೂ ಇರುವುದಿಲ್ಲ.

ಇಲ್ಲಿ ಹಳೆಯ ಮನೆಗಳವರಿಗೆ ಒಂದು ಮಾತು. ಹಿಂದಿನ ಕದಗಳಿಗೆ ಬಿಜಾಗರಿ ಇರಲಿಲ್ಲ. ಕದದ ಮೂಲೆಯಲ್ಲೇ ಬಿಟ್ಟ ಗೂಟ ಮೇಲೊಂದು ಕೆಳಗೊಂದು ಕುಳಿಯಲ್ಲಿ ತಿರುಗುತ್ತಿತ್ತು. ಕಲ್ಲಿನ ದೇವಾಲಯಗಳ ಬಾಗಿಲಿಗೂ ಇದೇ ಉಪಾಯ. ಇಂಥ ಬಾಗಿಲು ನೂರು ವರ್ಷ ಬಾಳುತ್ತದೆ, ದಯವಿಟ್ಟು ಕಿತ್ತು ಮಾರಬೇಡಿ. ಆದರೆ ಕುಳಿ ಸವೆದು ಕದದ ಮೇಲ್ಗಡೆ ಎರಡು ಬೆರಳು ಸಂದಿ ಬಿದ್ದಿದ್ದರೆ, ಕೆಳಗಿನಿಂದ ಎತ್ತಿ ಇಡೀ ಕದವನ್ನೇ ಕಳಚಬಹುದು. ಬಡಗಿಯನ್ನು ಕರೆಸಿ ಮೇಲಿನ ಸಂದಿಗೆ ಒಂದು ಗಟ್ಟಿ ಪಟ್ಟಿ ಹೊಡೆಸಿದರೆ ಸಾಕು. ಎರಡು ಕದದ ಬಾಗಿಲಾದರೆ, ಬೀಗವಿಲ್ಲದ ಕದಕ್ಕೆ ಮೇಲೂ ಕೆಳಗೂ ಚಿಲಕವಿರಲಿ. ಕೆಳಗಿನದು ನೆಲದೊಳಕ್ಕೆ ಒಂದು ಇಂಚಾದರೂ ಇಳಿಯಲಿ.

ಈಗ ನಾನು ತುಂಬ ಒತ್ತಿ ಹೇಳಬೇಕಾದ ವಿಷಯಕ್ಕೆ ಬಂದೆವು: ಸ್ಕ್ರೂ. ಪರಿಚಯದವರೊಬ್ಬರ ಮನೆಗೆ ಕಳ್ಳರು ನುಗ್ಗಿದ ಮಾರನೆಯ ದಿನ ಹೋಗಿದ್ದೆ. ಬಾಗಿಲಿಗೆ ದುಬಾರಿ ಬೀಗ ಹಾಕಿಸಿದ್ದರು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ನಾಲಿಗೆ ಹೊರಚಾಚಿಕೊಂಡು ಹಾಗೆಯೇ ಇತ್ತು. ನಾಲಿಗೆ ಎಂದರೆ ಕೀಲಿ ತಿರುಗಿಸಿದಾಗ ಕದದ ಅಂಚಿನಿಂದ ಹೊರಬಂದು ಬಾಗಿಲುವಾಡದ ತೂತಿನೊಳಕ್ಕೆ ಹೋಗುವ ಲೋಹದ ತುಂಡು. ಆ ತೂತಿನ ಮೇಲೆ ಒಂದು ತಗಡು ಇರುತ್ತದೆ, ಅದಕ್ಕೆ ಸ್ಟ್ರೈಕ್ ಪ್ಲೇಟ್ ಎನ್ನುತ್ತಾರೆ. ಅವರ ಮನೆಯಲ್ಲಿ ಆ ತಗಡನ್ನು ಹಿಡಿದಿದ್ದುದು ಮುಕ್ಕಾಲು ಇಂಚಿನ ಎರಡು ಸ್ಕ್ರೂ. ತಗಡು, ಸ್ಕ್ರೂ, ಒಂದು ಸೀಳು ಮರ, ಎಲ್ಲ ಒಟ್ಟಿಗೆ ನೆಲದ ಮೇಲೆ ಬಿದ್ದಿದ್ದವು. ಸಾವಿರಾರು ರೂಪಾಯಿಯ ಬೀಗ ಕೆಲವೇ ರೂಪಾಯಿಯ ಸ್ಕ್ರೂಗಳ ಮೇಲೆ ನಿಂತಿತ್ತು. ಅಂದಿನಿಂದ ನಾನು ಯಾರ ಮನೆಗೆ ಹೋದರೂ ಮೊದಲು ಆ ತಗಡನ್ನೇ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಇವತ್ತೇ ಅದರ ಒಂದು ಸ್ಕ್ರೂ ಬಿಚ್ಚಿ ಉದ್ದ ನೋಡಿ. ಚಿಕ್ಕದಿದ್ದರೆ ದಪ್ಪ ತಗಡು ಹಾಕಿಸಿ, ಮರದ ಆಳಕ್ಕೆ ಇಳಿಯುವಂತೆ ಎರಡೂವರೆಯಿಂದ ಮೂರು ಇಂಚಿನ ಸ್ಕ್ರೂ ಬಿಗಿಸಿ. ಬಿಜಾಗರಿಗಳಿಗೂ ಹೀಗೆಯೇ. ಅರಸೀಕೆರೆಯ ಬಿ.ಎಚ್. ರಸ್ತೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಇವು ಸಿಗುತ್ತವೆ.

ಹೊರಗಿನಿಂದ ಬೀಗ ತೂಗುಹಾಕುವ ಉದ್ದ ಚಿಲಕವನ್ನು ಅಂಗಡಿಯವರು ಆಲ್‌ಡ್ರಾಪ್ ಎನ್ನುತ್ತಾರೆ. ಅದನ್ನು ಬರೀ ಸ್ಕ್ರೂ ಹಾಕಿ ಕೂರಿಸಿದರೆ ಬೀಗವನ್ನು ಮುಟ್ಟದೆಯೇ ಚಿಲಕವನ್ನು ಕೀಳಬಹುದು. ಕದದ ಆಚೆಯಿಂದ ಈಚೆಗೆ ಹಾಯುವ ಬೋಲ್ಟ್ ಹಾಕಿ, ಒಳಗಡೆ ನಟ್ ಬಿಗಿಸಿ. ಬೋಲ್ಟಿನ ಹೊರತಲೆ ನುಣುಪಾಗಿ ಗುಂಡಗಿರಲಿ, ಆಗ ಹೊರಗಿನಿಂದ ತಿರುಗಿಸಲು ಹಿಡಿತ ಸಿಗುವುದಿಲ್ಲ.

ಅಡಿಪಾಯ ಸರಿಯಾಯಿತು. ಇನ್ನು ಬೀಗದ ಅಂಗಡಿಗೆ ಹೋಗೋಣ. ನಮ್ಮ ದೇಶದಲ್ಲಿ ಬೀಗಕ್ಕೆ ಹೆಸರಾದ ಊರುಗಳು ಅಲಿಗಢ ಮತ್ತು ದಿಂಡಿಗಲ್. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಇಂದು ಅಲಮಾರು, ಫ್ರಿಜ್ ಎಲ್ಲ ಮಾಡುವ ಗೋದ್ರೇಜ್ ಸಂಸ್ಥೆ 1897ರಲ್ಲಿ ಮುಂಬೈಯಲ್ಲಿ ಶುರುವಾದದ್ದು ಬೀಗ ಮಾಡಲಿಕ್ಕೆ.

ಅಂಗಡಿಯವರು ನಿಮ್ಮ ಮುಂದೆ ‘ಆರು ಲಿವರ್’, ‘ಏಳು ಲಿವರ್’ ಎನ್ನುತ್ತಾರೆ. ಲಿವರ್ ಎಂದರೆ ಬೀಗದೊಳಗೆ ಒಂದರ ಮೇಲೊಂದು ಕೂತಿರುವ ತೆಳು ಲೋಹದ ಹಲ್ಲೆಗಳು. ಏಳು ಜನ ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬರೂ ತಮಗೆ ಹೇಳಿದ ಎತ್ತರಕ್ಕೇ ಕೈ ಎತ್ತಬೇಕು ಎಂದುಕೊಳ್ಳಿ. ಒಬ್ಬರ ಕೈ ಕೂದಲೆಳೆಯಷ್ಟು ಕೆಳಗಿದ್ದರೂ ಬೀಗ ತೆರೆಯದು, ಮೇಲಿದ್ದರೂ ತೆರೆಯದು. ಕೀಲಿಯ ಹಲ್ಲುಗಳು ಮಾಡುವ ಕೆಲಸ ಇದೇ, ಒಂದೊಂದು ಹಲ್ಲೆಯನ್ನೂ ಅದರ ಎತ್ತರಕ್ಕೆ ಎತ್ತುವುದು. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬ ಇಂಗ್ಲೆಂಡಿನವ ಈ ಉಪಾಯಕ್ಕೆ ಹಕ್ಕುಪತ್ರ ಪಡೆದ. ಹಲ್ಲೆ ಹೆಚ್ಚಿದಷ್ಟೂ ಕಳ್ಳಕೀಲಿ ಹೊಂದುವುದು ಕಷ್ಟ. ಹೊರಬಾಗಿಲಿಗೆ ಆರಕ್ಕಿಂತ ಕಡಿಮೆ ಬೇಡ. ಹಾಗೆಂದು ಎಂಟೋ ಹತ್ತೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಯೂ ಇಲ್ಲ.

ಇನ್ನೊಂದು ಬಗೆ ಸಿಲಿಂಡರ್ ಬೀಗ. ಇದರಲ್ಲಿ ಹಲ್ಲೆಯ ಬದಲು ಎರಡು ತುಂಡಾದ ಪುಟ್ಟ ಕಡ್ಡಿಗಳಿರುತ್ತವೆ. ಸರಿಯಾದ ಕೀಲಿ ಹೋದಾಗ ಎಲ್ಲ ಕಡ್ಡಿಗಳ ಸೀಳೂ ಒಂದೇ ಗೆರೆಗೆ ಬರುತ್ತವೆ, ಸಿಲಿಂಡರ್ ತಿರುಗುತ್ತದೆ. ಇದರ ಮೂಲ ಪ್ರಾಚೀನ ಈಜಿಪ್ಟಿನ ಮರದ ಬೀಗ. ಇಂದಿನ ರೂಪ ಕೊಟ್ಟವನು ಅಮೆರಿಕದ ಲೈನಸ್ ಯೇಲ್, 1861ರಲ್ಲಿ. ಕೀಲಿಯ ಮೈಮೇಲೆ ಚಿಕ್ಕ ಚಿಕ್ಕ ಗುಳಿಗಳಿದ್ದರೆ ಅಂಗಡಿಯಲ್ಲಿ ‘ಕಂಪ್ಯೂಟರ್ ಕೀ’ ಎನ್ನುತ್ತಾರೆ. ಅದರಲ್ಲಿ ಕಂಪ್ಯೂಟರ್ ಏನೂ ಇಲ್ಲ, ಆದರೆ ನಕಲು ಮಾಡುವುದು ಸ್ವಲ್ಪ ಕಷ್ಟ. ಸಿಲಿಂಡರ್ ಬೀಗ ಹಾಕಿಸುವಾಗ ಒಂದನ್ನು ಮಾತ್ರ ನೋಡಿ: ಅದರ ಮೂತಿ ಹೊರಗಿನ ತಗಡಿಗಿಂತ 3 ಮಿಲಿಮೀಟರ್‌ಗಿಂತ ಹೆಚ್ಚು ಚಾಚಿರಬಾರದು. ಚಾಚಿದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯುತ್ತಾರೆ.

ನಾಲಿಗೆಯಲ್ಲೂ ಎರಡು ಬಗೆ. ಬಾಗಿಲು ಎಳೆದ ಕೂಡಲೇ ‘ಕ್ಲಿಕ್’ ಎಂದು ಬೀಳುವ ಇಳಿಜಾರು ನಾಲಿಗೆಯ ಹಿಂದೆ ಸ್ಪ್ರಿಂಗ್ ಇರುತ್ತದೆ. ಅದು ಗಾಳಿಗೆ ಬಾಗಿಲು ತೆರೆಯದಂತೆ ಹಿಡಿಯುತ್ತದೆ, ಕಳ್ಳನನ್ನು ಹಿಡಿಯದು. ಕೀಲಿ ತಿರುಗಿಸಿದಾಗ ಮಾತ್ರ ಹೊರಬರುವ ಚೌಕ ನಾಲಿಗೆಯೇ ನಿಜವಾದ ಬೀಗ. ಅದು ಒಂದು ಇಂಚಾದರೂ ಹೊರಬರಲಿ. ಬಹಳ ಬೀಗಗಳಲ್ಲಿ ಕೀಲಿಯನ್ನು ಎರಡು ಸುತ್ತು ತಿರುಗಿಸಿದರೆ ಮಾತ್ರ ನಾಲಿಗೆ ಪೂರ್ತಿ ಚಾಚುತ್ತದೆ. ಎರಡನೆಯ ಸುತ್ತನ್ನು ಅವಸರದಲ್ಲಿ ಬಿಡಬೇಡಿ.

ಕದದೊಳಗೆ ಕೂರುವ ಬೀಗದಿಂದ ಇನ್ನೊಂದು ಉಪಕಾರವಿದೆ. ಮನೆಯಲ್ಲಿ ಜನರಿದ್ದರೂ ಇಲ್ಲದಿದ್ದರೂ ಹೊರಗಿನಿಂದ ಅದು ಒಂದೇ ಥರ ಕಾಣುತ್ತದೆ. ತೂಗುಬೀಗದಂತೆ ಬೀದಿಗೆ ಸುದ್ದಿ ಹೇಳುವುದಿಲ್ಲ. ಹೀಗಾಗಿ ವಾಸದ ಮನೆಗೆ ನಾನು ಸದಾ ಇದನ್ನೇ ಹೇಳುತ್ತೇನೆ. ಆದರೆ ಒಂದು ಎಚ್ಚರಿಕೆ: ಒಳಗಿನಿಂದಲೂ ಕೀಲಿಯೇ ಬೇಕಾದ ಬೀಗವಾದರೆ, ರಾತ್ರಿ ಆ ಕೀಲಿ ಮನೆಯ ಎಲ್ಲರಿಗೂ ಗೊತ್ತಿರುವ ಒಂದೇ ಮೊಳೆಯಲ್ಲಿ, ಬಾಗಿಲ ಹತ್ತಿರವೇ, ಹೊರಗಿನಿಂದ ಕೈಗೆ ಎಟುಕದ ಕಡೆ ಇರಬೇಕು. ಗ್ಯಾಸ್ ಸೋರಿತು, ಬೆಂಕಿ ಹತ್ತಿತು ಎಂದಾಗ ವಯಸ್ಸಾದವರು ಕತ್ತಲಲ್ಲಿ ಕೀಲಿ ಹುಡುಕುವಂತಾಗಬಾರದು. ಒಳಗಡೆ ಕೈಯಿಂದ ತಿರುಗಿಸುವ ಗುಬ್ಬಿ ಇರುವ ಬೀಗ ಇನ್ನೂ ಒಳ್ಳೆಯದು.

ತೂಗುಬೀಗಕ್ಕೆ ಅದರದೇ ಜಾಗವಿದೆ. ನಮ್ಮ ಸೀಮೆ ತೆಂಗಿನದು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗುತ್ತ ಕೂರಬೇಕು. ಒಂದು ವರ್ಷದ ಬದುಕೆಲ್ಲ ಒಂದು ಷೆಡ್ಡಿನಲ್ಲಿರುತ್ತದೆ, ಅದೂ ಎಷ್ಟೋ ಸಲ ನೆರೆಮನೆಯೇ ಇಲ್ಲದ ತೋಟದಲ್ಲಿ. ಮನೆಯ ಬೀರುವಿಗೆ ತೋರುವ ಕಾಳಜಿಯನ್ನು ಜನ ಕೊಬ್ಬರಿ ಷೆಡ್ಡಿಗೆ ತೋರುವುದಿಲ್ಲ ಎಂಬುದು ನನ್ನ ಬೇಸರ. ಅಲ್ಲಿಗೆ ಬೀಗ ಕೊಳ್ಳುವಾಗ ಅದರ ಮೈ ಎಷ್ಟು ದೊಡ್ಡದು ಎಂದು ನೋಡಬೇಡಿ. ಬಳೆಯಂತೆ ಬಾಗಿದ ಕಂಬಿ ದಪ್ಪಗಿದೆಯೇ, ಗಡಸು ಉಕ್ಕಿನದೇ ಎಂದು ಕೇಳಿ. ಕಂಬಿ ಗಿಡ್ಡವಿದ್ದಷ್ಟೂ ಮೇಲು, ಹಾರೆಯ ತುದಿ ತೂರಲು ಸಂದಿ ಸಿಗುವುದಿಲ್ಲ. ಷೆಡ್ಡಿನ ಬಾಗಿಲು ಹೊರಕ್ಕೆ ತೆರೆಯುವುದಾದರೆ ಬಿಜಾಗರಿಯ ಕಡ್ಡಿ ಹೊರಗೇ ಕಾಣುತ್ತಿರುತ್ತದೆ. ಅದರ ತಲೆಯನ್ನು ವೆಲ್ಡಿಂಗ್ ಮಾಡಿಸಿಬಿಡಿ.

ಇಷ್ಟಾದ ಮೇಲೆ ಮನೆಯ ಹಿಂದಕ್ಕೆ ಹೋಗಿ. ಚಿತ್ರದುರ್ಗದ ಕೋಟೆಯನ್ನು ನೀವು ನೋಡಿರಬಹುದು. ಸುತ್ತಿನ ಮೇಲೆ ಸುತ್ತು ಗೋಡೆ, ಆನೆಗೂ ಜಗ್ಗದ ಬಾಗಿಲುಗಳು. ಹೈದರಾಲಿಯ ಸೈನಿಕರು ನುಸುಳಿದರೆಂದು ನಾವು ಕೇಳಿಕೊಂಡು ಬಂದಿರುವುದು ಮಾತ್ರ ಒಬ್ಬೊಬ್ಬರೇ ಬಗ್ಗಿ ತೂರಬಹುದಾದ ಒಂದು ಕಿಂಡಿಯಲ್ಲಿ. ಅದನ್ನೇ ನಾವು ಓಬವ್ವನ ಕಿಂಡಿ ಎನ್ನುತ್ತೇವೆ. ಪ್ರತಿ ಮನೆಗೂ ಅಂಥದೊಂದು ಕಿಂಡಿ ಇರುತ್ತದೆ. ಬಹಳ ಕಡೆ ಅದು ಹಿತ್ತಲ ಬಾಗಿಲು. ಮುಂಬಾಗಿಲಿಗೆ ತೇಗ, ಹಿತ್ತಲಿಗೆ ಉಳಿದ ಹಲಗೆ. ಮುಂದೆ ಬೀಗ, ಹಿಂದೆ ಬೆರಳುದ್ದದ ಚಿಲಕ. ಮರೆಯಲ್ಲಿರುವ ಕಾರಣ ಕಳ್ಳನಿಗೆ ಸಮಯ ಸಿಗುವುದೂ ಅಲ್ಲೇ. ನಿಮ್ಮ ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಹಿತ್ತಲ ಬಾಗಿಲಿಗೆ ಖರ್ಚುಮಾಡಿ. ಒಳಗಡೆ ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಅಡ್ಡಪಟ್ಟಿ ಇಟ್ಟರೂ ಸಾಕು. ಅದು ನಮ್ಮ ಹಿರಿಯರ ಅಗುಳಿಯೇ.

ಕಿಟಕಿಯ ಗ್ರಿಲ್ಲನ್ನು ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ್ದರೆ ಹೊರಗಿನಿಂದಲೇ ಬಿಚ್ಚಬಹುದು. ಕಿಟಕಿಯ ವಿಷಯ ಬಂದಾಗ ನನಗೆ ಬೇಲೂರು ನೆನಪಾಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ನವರಂಗ ಮೊದಲು ತೆರೆದೇ ಇತ್ತೆಂದೂ, ಕಂಬಗಳ ನಡುವಿನ ಜಾಲಂಧ್ರಗಳು ಕೆಲವು ದಶಕಗಳ ಮೇಲೆ ಬಂದವೆಂದೂ ವಿದ್ವಾಂಸರು ಹೇಳುತ್ತಾರೆ. ಜಾಲಂಧ್ರ ಎಂದರೆ ತೂತುಗಳಿರುವ ಕಲ್ಲಿನ ತೆರೆ. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಮನುಷ್ಯ ಬರಲಾರ. ನಿಮ್ಮ ಗ್ರಿಲ್ಲಿನ ಕಂಬಿಗಳ ನಡುವೆ ಮುಷ್ಟಿಗಿಂತ ಹೆಚ್ಚು ಜಾಗ ಬಿಡಬೇಡಿ. ಗ್ರಿಲ್ಲಿನ ತೂತಿನಿಂದ ಕೈ ತೂರಿಸಿದರೆ ಬಾಗಿಲ ಒಳಚಿಲಕ ಸಿಗುತ್ತದೆಯೇ ಎಂಬುದನ್ನು ನೀವೇ ಹೊರಗೆ ನಿಂತು ಪರೀಕ್ಷಿಸಿ. ಹೆಂಚಿನ ಮನೆಯವರು ಕೆಳಗಿನ ಮರದ ಪಟ್ಟಿಗಳ ನಡುವಿನ ಅಂತರವನ್ನೂ ಒಮ್ಮೆ ನೋಡಬೇಕು.

ಕೊನೆಯದಾಗಿ, ಕಳ್ಳನು ಬಾಗಿಲವರೆಗೆ ಬಾರದ ಹಾಗೆ ಮಾಡುವುದು. ತುಳಸಿಕಟ್ಟೆಯ ಗೂಡು, ಮೀಟರ್ ಪೆಟ್ಟಿಗೆ, ಚಪ್ಪಲಿ ಗೂಡು, ಕಾಲೊರೆಸಿನ ಅಡಿ: ಇವು ಕೀಲಿ ಬಚ್ಚಿಡುವ ಜಾಗಗಳೆಂದು ನಮಗಿಂತ ಚೆನ್ನಾಗಿ ಅವನಿಗೆ ಗೊತ್ತು. ಹಗಲು ಉರಿಯುವ ದೀಪ ಮನೆ ಖಾಲಿ ಎಂದೇ ಹೇಳುತ್ತದೆ. ಅದರ ಬದಲು ಯಾರಾದರೂ ಹತ್ತಿರ ಬಂದಾಗ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪವನ್ನು ಹಿತ್ತಲಿಗೆ ಹಾಕಿಸಿ. ಬೆಟ್ಟದ ಮೆಟ್ಟಿಲ ಮೇಲೆ ನಿಂತು ತೆಗೆದ ಫೋಟೋವನ್ನು ಮನೆಗೆ ಬಂದ ಮೇಲೆ ಸ್ಟೇಟಸ್ಸಿಗೆ ಹಾಕಿ. ನಾಲ್ಕಾರು ದಿನ ಊರಲ್ಲಿರುವುದಿಲ್ಲ ಎಂದಾದರೆ ಠಾಣೆಗೆ ತಿಳಿಸಿ, ಬೀಟ್ ಪೊಲೀಸರು ರಾತ್ರಿ ಆ ಕಡೆ ಬರುವಾಗ ಒಂದು ಕಣ್ಣಿಡಬಹುದು. ಹಿಂದಿರುಗಿದಾಗ ಬಾಗಿಲು ಮೀಟಿರುವುದು ಕಂಡರೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು, ಬೆರಳ ಗುರುತೂ ಉಳಿದಿರಬೇಕು. ಬೀದಿಗೆ ಬಂದು 112ಕ್ಕೆ ಫೋನ್ ಮಾಡಿ.

ಮುಂದಿನ ಆಷಾಢಕ್ಕೆ ನೀವೂ ತೇರಿಗೆ ಹೊರಟರೆ ಹಿಂದಿನ ಸಂಜೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಬೆಳಿಗ್ಗೆ ತಮ್ಮ ಹೊಸ್ತಿಲಿಗೆ ನೀರು ಹಾಕುವಾಗ ನಿಮ್ಮದಕ್ಕೂ ಒಂದು ಚೊಂಬು ಹಾಕಿ, ಎರಡೆಳೆ ರಂಗೋಲಿ ಬಿಡಲಿ, ಹಾಲಿನ ಪ್ಯಾಕೆಟ್ಟು ಎತ್ತಿಡಲಿ. ಬೆಟ್ಟ ಇಳಿದು ಬರುವಾಗ ಅವರ ಮಕ್ಕಳಿಗೆ ಬೆಂಡು ಬತ್ತಾಸು ತರುವುದನ್ನು ಮರೆಯಬೇಡಿ.